ದವನ: ಒಟ್ಲಿನಿಂದ ದಂಡೆಯವರೆಗೆ

ದವನವನ್ನು ಹೂವಿನಂಗಡಿಯಿಂದ ಕಟ್ಟಿನ ಲೆಕ್ಕದಲ್ಲಿ ಕೊಂಡು ತರುವವರು ಬಹಳ ಮಂದಿ, ಹಿತ್ತಲಲ್ಲಿ ಬೆಳೆದುಕೊಳ್ಳುವವರು ಕಡಿಮೆ. ತುಳಸಿ, ದೊಡ್ಡಪತ್ರೆಗಳಂತೆ ವರ್ಷವಿಡೀ ನಿಲ್ಲುವ ಗಿಡ ಇದಲ್ಲ. ಚಳಿಗಾಲದಲ್ಲಿ ಬೆಳೆದು, ಬೇಸಗೆ ಕಾಲಿಡುವ ಹೊತ್ತಿಗೆ ಹೂಬಿಟ್ಟು, ಬೀಜ ಕಟ್ಟಿ ಒಣಗಿಹೋಗುತ್ತದೆ. ಆದ್ದರಿಂದ ಇದರ ಬೇಸಾಯದಲ್ಲಿ ಮಣ್ಣು, ಗೊಬ್ಬರಗಳಿಗಿಂತ ಬಿತ್ತುವ ಸಮಯವೇ ಮುಖ್ಯವೆಂಬುದು ತುಮಕೂರು ಸೀಮೆಯ ನಮ್ಮ ಹಿತ್ತಲಲ್ಲಿ ಇದನ್ನು ಬೆಳೆಯುತ್ತ ಬಂದಿರುವ ನನ್ನ ಅನುಭವ.

ದೀಪಾವಳಿ ಕಳೆದು, ಮಳೆ ಬಿಡುವು ಕೊಟ್ಟು, ಬೆಳಗಿನ ಇಬ್ಬನಿ ಶುರುವಾದಾಗ ನಾನು ಒಟ್ಲು, ಅಂದರೆ ಸಸಿ ಮಡಿ, ಹಾಕುತ್ತೇನೆ. ದವನದ ಬೀಜ ಎಷ್ಟು ನವಿರೆಂದರೆ ಅಂಗೈಯಲ್ಲಿಟ್ಟುಕೊಂಡು ಮಾತನಾಡಿದರೂ ಹಾರಿಹೋಗುತ್ತದೆ. ಹಾಗಾಗಿ ಅದನ್ನು ಒದ್ದೆ ಮರಳಿನೊಂದಿಗೆ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ನೆರಳಿನಲ್ಲಿಟ್ಟು, ಬಳಿಕ ಮರಳಿನ ಸಮೇತ ಪಾತಿಯ ಮೇಲೆ ಎರಚುತ್ತೇನೆ. ಮಣ್ಣಿನಲ್ಲಿ ಹೂಳಬಾರದು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಉದುರಿಸಿದರೆ ಸಾಕು. ಇರುವೆಗಳು ಬೀಜವನ್ನು ಹೊತ್ತೊಯ್ಯದಂತೆ ಪಾತಿಯ ಸುತ್ತ ಬೂದಿ ಹಾಕುವುದುಂಟು. ನೀರನ್ನು ಸಣ್ಣ ತೂತುಗಳ ಡಬ್ಬಿಯಿಂದ ಚಿಮುಕಿಸಬೇಕೇ ಹೊರತು ಚೊಂಬಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ.

ಮೊಳಕೆ ಬೇಗನೆ ಬರುತ್ತದೆ, ಆದರೆ ಸಸಿ ಬೆಳೆಯುವುದು ಬಹಳ ನಿಧಾನ. ಕಣ್ಣಿಗೆ ಕಾಣುವಷ್ಟಾಗಿ 10 ಸೆಂಟಿಮೀಟರ್ ಎತ್ತರಕ್ಕೆ ಬರಲು ಆರೇಳು ವಾರ ಹಿಡಿಯುತ್ತದೆ, ಈ ಅವಧಿಯಲ್ಲಿ ಕಳೆ ಕೀಳುವುದೇ ದೊಡ್ಡ ಕೆಲಸ. ತೇವ ಹೆಚ್ಚಾದರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುವುದರಿಂದ, ಮೋಡ ಕವಿದ ದಿನ ನೀರಿನ ಡಬ್ಬಿಯನ್ನು ಮುಟ್ಟದಿರುವುದು ಒಳ್ಳೆಯದು. ಸಸಿ ನಾಟಿ ಮಾಡುವಾಗ ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ ಕೊಟ್ಟು, ಇಡೀ ದಿನ ಬಿಸಿಲು ಬೀಳುವ, ನೀರು ನಿಲ್ಲದ ಜಾಗಕ್ಕೆ ಹಾಕುತ್ತೇನೆ. ಕುಂಡದಲ್ಲಿಯೂ ಬರುತ್ತದೆ, ಆದರೆ ತೂತು ಕಟ್ಟಿಕೊಂಡಿರಬಾರದು.

ಬೆಳೆದ ದವನ ಮೊಣಕಾಲೆತ್ತರದ ಗಿಡ. ಸೀಳುಸೀಳಾದ ಎಲೆಗಳ ಮೇಲೆ ಬೂದುಬಿಳುಪಿನ ನವಿರು ರೋಮವಿರುತ್ತದೆ, ಬೆಳಗಿನ ಇಬ್ಬನಿ ಅದರಲ್ಲಿ ಸಿಕ್ಕಿಕೊಂಡಾಗ ಪಾತಿಯೆಲ್ಲ ಬೆಳ್ಳಗೆ ಕಾಣುತ್ತದೆ. ಮಾಚಿಪತ್ರೆ ಇದರದೇ ಕುಲದ್ದಾದ್ದರಿಂದ ಎಷ್ಟೋ ಜನ ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಹೊಸಕಿ ನೋಡಿದರೆ ಅನುಮಾನ ಉಳಿಯುವುದಿಲ್ಲ: ಮಾಚಿಪತ್ರೆಯದು ಖಾರವಾದ ಕಹಿ ವಾಸನೆ, ದವನದ್ದು ಮಾಗಿದ ಹಣ್ಣಿನ ಸಿಹಿ ಬೆರೆತ ಘಮ.

ಬಿತ್ತಿ ಸುಮಾರು ನಾಲ್ಕು ತಿಂಗಳಿಗೆ, ಎಸಳೇ ಕಾಣದ ಹಳದಿ ಗುಂಡಿಗಳಂಥ ಪುಟ್ಟ ಹೂಗಳು ತುಂಬುತ್ತವೆ. ಗಿಡದಲ್ಲಿ ಸುಗಂಧದ ಎಣ್ಣೆಯ ಅಂಶ ಹೆಚ್ಚಿರುವುದು ಆಗಲೇ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಕತ್ತರಿಸಿ, ಸಣ್ಣ ಹಿಡಿಗಳಾಗಿ ಕಟ್ಟಿ ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕುತ್ತೇನೆ. ಮಲ್ಲಿಗೆ ಬಾಡಿದರೆ ಮುಗಿಯಿತು, ದವನ ಬಾಡಿದ ಮೇಲೆ ಇನ್ನಷ್ಟು ಘಮಿಸುತ್ತದೆ. ಕನಕಾಂಬರ ಸೊಗಸಾದ ಬಣ್ಣದ ಹೂವಾದರೂ ಅದಕ್ಕೆ ವಾಸನೆಯಿಲ್ಲ. ದಂಡೆಯಲ್ಲಿ ನಡುನಡುವೆ ದವನದ ಕುಡಿ ಸೇರಿಸುವ ಪದ್ಧತಿ ಆ ಕೊರತೆಯನ್ನು ನೀಗಿಸುತ್ತದೆ. ಒಣಗಿದ ಎಲೆಯನ್ನು ತೆಳುಬಟ್ಟೆಯ ಚೀಲದಲ್ಲಿ ಹಾಕಿ ರೇಷ್ಮೆ ಸೀರೆಗಳ ನಡುವೆ ಇಡುತ್ತೇವೆ, ಮುಂದಿನ ಮಳೆಗಾಲದವರೆಗೂ ಪೆಟ್ಟಿಗೆ ತೆರೆದಾಗ ಪರಿಮಳ ಬರುತ್ತದೆ. ಎಣ್ಣೆ ತೆಗೆಯುವ ಗೊಡವೆಗೆ ನಾನು ಹೋಗಿಲ್ಲ. ಅದಕ್ಕೆ ಬಟ್ಟಿ ಇಳಿಸುವ ಸಲಕರಣೆ ಬೇಕು, ಹಿತ್ತಲಿನ ಬೆಳೆ ಅದಕ್ಕೆ ಸಾಲದು.

ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆಯೆಂದೇ ಹೆಸರು; ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಅಂದು ಜಾತ್ರೆ. ನವೆಂಬರಿನ ಬೆಳೆ ಅಷ್ಟರಲ್ಲಿ ಕೊಯ್ಲಾಗಿರುವುದರಿಂದ, ಪೂಜೆಗೆ ಹಸಿ ದವನ ಬೇಕೆಂದು ಡಿಸೆಂಬರಿನಲ್ಲಿ ಇನ್ನೊಂದು ಚಿಕ್ಕ ಪಾತಿ ಬಿತ್ತುತ್ತೇನೆ. ಬಿಸಿಲಿನ ಝಳಕ್ಕೆ ಆ ಗಿಡಗಳು ಕುಳ್ಳಾಗಿಯೇ ಹೂಬಿಡುತ್ತವೆ, ಘಮವೂ ಒಂದು ಕೈ ಕಡಿಮೆಯೇ. ಆದರೂ ದೇವರಿಗೆ ಏರಿಸಲು ಧಾರಾಳವಾಗಿ ಸಾಕಾಗುತ್ತದೆ.

ಮೊದಲ ಪಾತಿಯಲ್ಲಿ ಹುಲುಸಾಗಿ ಬೆಳೆದ ನಾಲ್ಕಾರು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತೇನೆ. ಹೂಗಳು ಕಂದು ಬಣ್ಣಕ್ಕೆ ತಿರುಗಿದಾಗ ಗಾಳಿಯಿಲ್ಲದ ಬೆಳಗಿನಲ್ಲಿ ಕಾಗದದ ಮೇಲೆ ಉಜ್ಜಿ, ಒಣಗಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಡುತ್ತೇನೆ. ಆ ಬೀಜ ಬರುವ ನವೆಂಬರಿಗೆ ಮಾತ್ರ ಆಗುತ್ತದೆ. ಅದಕ್ಕಿಂತ ಹಳೆಯದನ್ನು ಯಾರು ಕೊಟ್ಟರೂ ನಾನು ಬಿತ್ತುವುದಿಲ್ಲ.