ಹಳೆಯ ವೆಟಿಂಗ್ ಏಜೆಂಟ್ ಮಬ್ಬಾಗಿದೆಯೇ? ಬಳಸುವ ಮುಂಚೆ ಹೀಗೆ ಪರೀಕ್ಷಿಸಿ

ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಅಪ್ಪ, ಚಿಕ್ಕಪ್ಪ ಫೋಟೋ ಸ್ಟುಡಿಯೋ ನಡೆಸಿದ ಮನೆಯ ಅಟ್ಟ ತಡಕಿದರೆ ಫೋಟೋ-ಫ್ಲೋ 200 ಬಾಟಲಿ ಸಿಕ್ಕೀತು. ತೊಳೆದ ಫಿಲ್ಮಿನ ಮೇಲೆ ನೀರು ಹನಿಗಟ್ಟದೆ ಸಮನಾಗಿ ಇಳಿದುಹೋಗುವಂತೆ ಮಾಡುವ ದ್ರವ, ಅಂದರೆ ವೆಟಿಂಗ್ ಏಜೆಂಟ್ ಇದು. ಲೀಟರ್ ನೀರಿಗೆ 5 ಮಿಲಿ ಸಾಕು. ಹಾಗಾಗಿ ಬಾಟಲಿ ಬೇಗ ಮುಗಿಯುವುದಿಲ್ಲ, ಹಳತಾಗುತ್ತದೆ.

ನೀರು ಬೆರೆಸಿಟ್ಟ ದ್ರಾವಣ ಮಬ್ಬಾಗಿದ್ದರೆ ಚೆಲ್ಲಿಬಿಡಿ, ಪರೀಕ್ಷೆ ಬೇಡ. ಫಿಲ್ಮಿನಿಂದ ಬಿಟ್ಟ ಜೆಲಾಟಿನ್ ಸೂಕ್ಷ್ಮಜೀವಿಗಳಿಗೆ ಒಳ್ಳೆ ಆಹಾರ. ಮುಂಬೈ ಮಳೆಗಾಲದ ಸೆಕೆ ಸೇರಿದರೆ ಲೋಳೆ ಬೇಗ ಕಟ್ಟುತ್ತದೆ. ಅದು ನೆಗೆಟಿವ್‌ಗೆ ಅಂಟಿ ಒಣಗಿದರೆ ಬಿಡಿಸುವುದು ಕಷ್ಟ.

ನೀರು ಬೆರೆಸದ ಮೂಲ ದ್ರವ ಮಬ್ಬಾಗಿದ್ದರೆ ಬೆಳಕಿಗೆ ಹಿಡಿದು ನೋಡಿ. ಎಳೆ, ಚೂರು ತೇಲುತ್ತಿವೆಯೇ? ಕೆಟ್ಟ ವಾಸನೆಯಿದೆಯೇ? ಹಾಗಿದ್ದರೆ ಬೂಷ್ಟು ಹಿಡಿದಿದೆ. ಬಳಸಿದ ಅಳತೆ ಲೋಟದಿಂದ ಉಳಿದದ್ದನ್ನು ವಾಪಸ್ ಸುರಿದಾಗ ಹೀಗಾಗುವುದು ಜಾಸ್ತಿ. ಇದನ್ನೂ ಬಳಸಬೇಡಿ.

ಎಲ್ಲೆಡೆ ಒಂದೇ ಸಮನೆ ಹಾಲಿನಂತೆ ಮಬ್ಬಾಗಿದ್ದರೆ ಕಾರಣ ಬೇರೆ ಇರಬಹುದು. ಇದರಲ್ಲಿರುವ ಸಾಬೂನಿನಂಥ ಅಣುಗಳಿಗೆ ಉದ್ದನೆಯ ಬಾಲವಿದೆ. ನೀರನ್ನು ಹಿಡಿದು ಕರಗಿರುವುದು ಆ ಬಾಲದಿಂದಲೇ. ಬಿಸಿ ಏರಿದಾಗ ಹಿಡಿತ ಸಡಿಲವಾಗಿ, ಅಣುಗಳು ಗುಂಪುಗೂಡಿ ದ್ರವ ಕದಡುತ್ತದೆ. ಇದಕ್ಕೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಹೊಸ ದ್ರವದಲ್ಲಿ ಅದು ಕೋಣೆಯ ಶಾಖಕ್ಕಿಂತ ಬಹಳ ಮೇಲಿರುತ್ತದೆ. ಆದರೆ ವರ್ಷಗಟ್ಟಲೆ ಗಾಳಿ ಸೋಕಿದರೆ ಬಾಲ ತುಂಡಾಗುತ್ತಾ ಹೋಗಿ, ಆ ಮಟ್ಟ ಕೆಳಗಿಳಿಯಬಹುದು. ಲವಣ ಬೆರೆತರೂ ಹಾಗೆಯೇ.

ಪತ್ತೆ ಹಚ್ಚುವುದು ಸುಲಭ. ಮುಚ್ಚಳ ಬಿಗಿದ ಸಣ್ಣ ಗಾಜಿನ ಶೀಶೆಯಲ್ಲಿ ಸ್ವಲ್ಪ ದ್ರವ ತುಂಬಿ, ಐಸ್ ಹಾಕಿದ ನೀರಿನಲ್ಲಿ ಇಡಿ. ತಿಳಿಯಾದರೆ ಕ್ಲೌಡ್ ಪಾಯಿಂಟ್ ಕಾರಣ. ತಿಳಿಯಾಗದಿದ್ದರೆ ಬಳಸದಿರುವುದೇ ಒಳ್ಳೆಯದು.

ತಿಳಿಯಾದ ದ್ರವವನ್ನೂ ನಂಬುವ ಮುಂಚೆ ಬೇಡದ ಫಿಲ್ಮ್ ತುಂಡೊಂದನ್ನು ಅದರ ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿ, ನೇತುಹಾಕಿ ಒಣಗಿಸಿ. ಹನಿಗಳ ಗುರುತು, ಅಂಟು ಕಾಣದಿದ್ದರೆ ಕೆಲಸಕ್ಕೆ ಬರುತ್ತದೆ. ಆದರೂ ಮದುವೆಯ ನೆಗೆಟಿವ್‌ಗಳಿಗೆ ನಾನಂತೂ ಹೊಸದನ್ನೇ ಬಳಸುತ್ತೇನೆ. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನೋದೂ ತಪ್ಪು, ಅಂಟು ಉಳಿಯುತ್ತದೆ.

ಬಿಳಿ ಕಲೆ ಬಿದ್ದರೆ ಮೊದಲು ನೀರನ್ನೇ ನೋಡಿ. ಟ್ಯಾಂಕರ್, ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ ಇರಬಹುದು, ಅಲ್ವಾ? ಈ ಕೊನೆಯ ದ್ರಾವಣಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ. ಹೊಸ ಬಾಟಲಿ ತಂದಾಗ ಅದನ್ನು ಸಣ್ಣ ಶೀಶೆಗಳಿಗೆ ತುಂಬಿ, ತೆರೆದ ದಿನಾಂಕ ಬರೆದಿಡಿ. ಪ್ರತಿ ಸಲ ಒಣ ಸಿರಿಂಜ್‌ನಿಂದಲೇ ತೆಗೆಯಿರಿ.