ನಿಮ್ಮ ಪುಸ್ತಕ, ನಿಮ್ಮದೇ ಪ್ರಕಾಶನ: ಓದುಗರನ್ನು ಎಣಿಸಿ, ಆಮೇಲೆ ಅಚ್ಚು ಹಾಕಿಸಿ

ನನ್ನ ಮೊದಲ ಕಥಾಸಂಕಲನ ಅಚ್ಚಾಗಿ ಬಂದ ದಿನ ದಾವಣಗೆರೆಯ ವಿನೋಬನಗರದ ನಮ್ಮ ಮನೆ ಮುಂದೆ ಲಗೇಜ್ ಆಟೊ ನಿಂತಿತ್ತು. ಐವತ್ತರಂತೆ ಇಪ್ಪತ್ತು ಕಟ್ಟು, ಒಟ್ಟು ಸಾವಿರ ಪ್ರತಿ. ‘ಸಾವಿರ ಹಾಕಿಸಿದ್ರೆ ಪ್ರತಿಗೆ ಕಡಿಮೆ ಬೀಳುತ್ತೆ ಸರ್’ ಅಂದಿದ್ದರು ಪ್ರೆಸ್ಸಿನವರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಓದುವವರು ಎಷ್ಟು ಜನ ಎಂದು ನಾನೇ ಎಣಿಸಿರಲಿಲ್ಲ. ಎರಡು ಮಳೆಗಾಲ ಕಳೆದರೂ ಒಂಬತ್ತು ಕಟ್ಟು ಮಂಚದ ಕೆಳಗೇ ಉಳಿದವು. ಗೋಡೆ ಪಕ್ಕದ ಕಟ್ಟಿಗೆ ತೇವ ಹತ್ತಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಈ ಸಂಕಟ ಇನ್ನೊಬ್ಬರಿಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಒಂದು ನೋಟ್‌ಬುಕ್

ಪ್ರೆಸ್ಸಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಹೆಸರು ಬರೆಯಿರಿ. ಗೌರವಪ್ರತಿ ಪಡೆಯುವವರ ಹೆಸರಲ್ಲ, ದುಡ್ಡು ಕೊಟ್ಟು ತಗೊಳ್ಳುವವರ ಹೆಸರು. ಜೊತೆಗೆ ಓದಿದವರು, ಆಫೀಸಿನವರು, ನಿಮ್ಮ ಬರಹ ಓದಿ ಒಮ್ಮೆಯಾದರೂ ಫೋನ್ ಮಾಡಿದವರು, ಹೀಗೆ. ಸುಮ್ನೆ ಅಂದಾಜು ಬೇಡ, ಒಂದೊಂದೇ ಹೆಸರು ಬರೆಯಿರಿ. ನೂರಿಪ್ಪತ್ತು ಹೆಸರು ಆದರೆ ಇನ್ನೂರು ಪ್ರತಿ ಸಾಕು. ಈಗ ಡಿಜಿಟಲ್ ಪ್ರಿಂಟ್‌ನಲ್ಲಿ ಐವತ್ತು, ನೂರು ಪ್ರತಿಯನ್ನೂ ಹಾಕಿಸಬಹುದು. ಪ್ರತಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ನಿಜ. ಆದರೆ ಮಾರಾಟವಾಗದ ಪ್ರತಿಗಿಂತ ದುಬಾರಿ ಪ್ರತಿ ಇಲ್ಲ. ಐನೂರು ದಾಟುವ ಭರವಸೆ ಇದ್ದರೆ ಮಾತ್ರ ಆಫ್‌ಸೆಟ್ (ಪ್ಲೇಟ್ ಮಾಡಿ ಒಟ್ಟಿಗೆ ಹೆಚ್ಚು ಪ್ರತಿ ಅಚ್ಚು ಹಾಕುವ ವಿಧಾನ) ಕಡೆ ನೋಡಿ.

ಅಕ್ಷರ ತಿದ್ದುವುದಕ್ಕೆ ಅವಸರ ಬೇಡ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ನೀವು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯುನಿಕೋಡ್‌ನಲ್ಲಿ (ಈಗಿನ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಟೈಪ್ ಮಾಡಿರುತ್ತೀರಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟುವುದು ಈಗಲೂ ‘ನುಡಿ’ ಅಥವಾ ‘ಶ್ರೀಲಿಪಿ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಮೊದಲು ಪೆಟ್ಟು ಬೀಳುವುದು ಅರ್ಕಾವತ್ತಿಗೆ. ‘ಸರ್, ನಿಮ್ಮ ಫೈಲಲ್ಲಿ ಸೂರ್ಯ ಎಲ್ಲಾ ಸೂಯರ್ ಆಗ್ಯಾನ ನೋಡ್ರಿ’ ಎಂದು ಡಿಟಿಪಿ ಹುಡುಗ ತೋರಿಸಿದಾಗಲೇ ನನಗೂ ಗೊತ್ತಾಗಿದ್ದು. ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗಿತ್ತು. ಒತ್ತಕ್ಷರಗಳೂ ಕೆಲವೆಡೆ ಜಾಗ ಬಿಟ್ಟಿದ್ದವು. ಆದ್ದರಿಂದ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೇ ಹುಡುಕಿ ಒಮ್ಮೆ ನೋಡಿ. ಯುನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕರೆ ಈ ತೊಂದರೆಯೇ ಇಲ್ಲ.

ಕರಡು ತಿದ್ದುವುದು ಪರದೆಯ ಮೇಲೆ ಬೇಡ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಗಟ್ಟಿಯಾಗಿ ಓದುತ್ತಾ ತಿದ್ದಿ. ಬಾಯಿ ತಡವರಿಸಿದ ಕಡೆ ವಾಕ್ಯದಲ್ಲೇ ತೊಡಕಿರುತ್ತದೆ. ಆಮೇಲೆ ಇನ್ನೊಬ್ಬರ ಕೈಗೆ ಕೊಡಿ. ನಮ್ಮ ಬರಹದ ತಪ್ಪನ್ನು ನಮ್ಮ ಕಣ್ಣು ಸರಿಮಾಡಿಕೊಂಡೇ ಓದಿಬಿಡುತ್ತದೆ. ನಿವೃತ್ತ ಕನ್ನಡ ಮೇಷ್ಟ್ರು ಯಾರಾದರೂ ಗೊತ್ತಿದ್ದರೆ ಅವರನ್ನು ಕೇಳಿ. ಅವರ ಶ್ರಮಕ್ಕೆ ಸಂಭಾವನೆ ಕೊಡುವುದನ್ನು ಮರೆಯಬೇಡಿ.

ಫಾರಂ ಲೆಕ್ಕ ಮತ್ತು ವಿವರದ ಪುಟ

ನಮ್ಮಲ್ಲಿ ಕಥೆ, ಕಾದಂಬರಿಗೆ ಸಾಮಾನ್ಯವಾಗಿ ಡೆಮಿ 1/8 ಅಳತೆ, ಅಂದರೆ ಡೆಮಿ ಎಂಬ ದೊಡ್ಡ ಹಾಳೆಯ ಎಂಟನೇ ಒಂದು ಭಾಗ. ಅದರಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಕಂತು. 160 ಪುಟ ಎಂದರೆ ಸರಿಯಾಗಿ ಹತ್ತು ಫಾರಂ. 162 ಆದರೆ ಆ ಎರಡು ಪುಟಕ್ಕಾಗಿ ಖರ್ಚೂ ಹೆಚ್ಚು, ಕೊನೆಯಲ್ಲಿ ಖಾಲಿ ಹಾಳೆಗಳೂ ಹೆಚ್ಚು. ಲೇಖಕರ ಅರಿಕೆಯನ್ನೋ ಕೃತಜ್ಞತೆಯ ಮಾತನ್ನೋ ಸ್ವಲ್ಪ ಮೊಟಕು ಮಾಡಿದರೆ ಸರಿಹೋಗುತ್ತದೆ. ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್ಲಿಥೋ ಎಂಬ ಹೊಳಪಿಲ್ಲದ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂಬ ನುಣುಪಾದ ದಪ್ಪ ಕಾಗದ ಸಾಕು.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ವಿವರ ಹಾಕುವ ಪದ್ಧತಿ ನಮ್ಮ ಕನ್ನಡ ಪುಸ್ತಕಗಳಲ್ಲಿದೆಯಲ್ಲ, ಅದನ್ನು ಬಿಡಬೇಡಿ: ಪ್ರಥಮ ಮುದ್ರಣದ ವರ್ಷ, ಪುಟಗಳು 8+152 (ಮುನ್ನುಡಿ ಮುಂತಾದ ಮೊದಲ ಪುಟಗಳು, ಆಮೇಲೆ ಕಥೆಯ ಪುಟಗಳು), ಬಳಸಿದ ಕಾಗದ, ಬೆಲೆ, ಹಕ್ಕು ಲೇಖಕರದು, ಪ್ರಕಾಶಕರ ವಿಳಾಸ, ಮುದ್ರಕರ ಹೆಸರು. ಮುಂದೆ ಗ್ರಂಥಾಲಯ, ಬಹುಮಾನ, ಅಂಚೆ, ಎಲ್ಲ ಕಡೆಗೂ ಈ ಪುಟ ಬೇಕಾಗುತ್ತದೆ.

ಹಕ್ಕಿನ ಬಗ್ಗೆ ಹೆದರಿಕೆ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಆ ಹಕ್ಕು ವಾರಸುದಾರರಿಗೆ ಇರುತ್ತದೆ. ಬೇರೆಯವರ ಕವಿತೆಯ ಸಾಲು, ಚಿತ್ರ ಬಳಸುವುದಿದ್ದರೆ ನೀವೂ ಅವರ ಅನುಮತಿ ಕೇಳಿ.

ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ

ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯೇ ಐಎಸ್‌ಬಿಎನ್. ಭಾರತದಲ್ಲಿ ಅದು ಉಚಿತ. ದೆಹಲಿಯಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ಲೇಖಕರು ಸ್ವಂತ ಹೆಸರಿನಲ್ಲೇ ಕೇಳಬಹುದು. 13 ಅಂಕಿಯ ಸಂಖ್ಯೆ ಬರುತ್ತದೆ. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೆಯದೇ ಒಂದು. ಕೈಗೆ ಬರಲು ದಿನ ಹಿಡಿಯುವುದರಿಂದ ಕರಡು ತಿದ್ದುವಾಗಲೇ ಅರ್ಜಿ ಹಾಕಿಬಿಡಿ.

ಪುಸ್ತಕ ಬಂದ ಮೇಲೆ ಇನ್ನೊಂದು ಹೊಣೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. ನಾಲ್ಕು ಪ್ರತಿಯ ಖರ್ಚು ಅಂದುಕೊಳ್ಳಬೇಡಿ. ಜಗಳೂರಿನಲ್ಲೋ ಹೊಳಲ್ಕೆರೆಯಲ್ಲೋ ಕೂತು ಬರೆದ ಪುಸ್ತಕ ನೂರು ವರ್ಷದ ನಂತರವೂ ಯಾರಿಗಾದರೂ ಸಿಗಬೇಕಲ್ವಾ?

ಬೆಲೆ

ಅಚ್ಚುಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಉದಾಹರಣೆಗೆ, ಎಲ್ಲ ಸೇರಿ ಪ್ರತಿಗೆ 90 ರೂಪಾಯಿ ಬಿದ್ದಿದೆ ಎನ್ನಿ. ಬೆಲೆ 180 ಇಟ್ಟು ಅಂಗಡಿಗೆ 40 ಪರ್ಸೆಂಟ್ ರಿಯಾಯಿತಿ ಕೊಟ್ಟರೆ ಕೈಗೆ ಬರುವುದು 108. ಅದರಲ್ಲಿ ಗೌರವಪ್ರತಿ, ಸಾಗಣೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಅಂಗಡಿಗಿಂತ ನೇರ ಮಾರಾಟವೇ ನಮ್ಮಂಥವರಿಗೆ ಆಧಾರ.

ಅಂಚೆಯಲ್ಲಿ ಕಳಿಸುವವರಿಗೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಸೇವೆ ಇದೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಪುಸ್ತಕ ಎಲ್ಲಿ ತಲುಪಿದೆ ಎಂದೂ ನೋಡಬಹುದು. ಇದಕ್ಕೆ ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು.

ಜನರ ಹತ್ತಿರ ನೀವೇ ಹೋಗಿ

ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮ ಪಕ್ಕದ ಹಾವೇರಿ ಸೀಮೆಯವರು. ಅಂಥ ದೊಡ್ಡವರೇ ಹಾಗೆ ತಿರುಗಿರುವಾಗ ನಮಗೆ ನಾಚಿಕೆ ಯಾಕೆ?

2009ರಲ್ಲಿ ಚಿತ್ರದುರ್ಗದಲ್ಲಿ 75ನೇ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಪುಸ್ತಕ ಮಳಿಗೆಗಳ ಸಾಲಿನಲ್ಲೇ ದಿನ ಕಳೆದೆ. ಜನ ಪುಸ್ತಕ ಎತ್ತಿಕೊಳ್ಳುತ್ತಿದ್ದರು, ತಿರುಗಿಸಿ ಬೆನ್ನುಡಿ ಓದುತ್ತಿದ್ದರು, ಬೆಲೆ ನೋಡುತ್ತಿದ್ದರು, ಆಮೇಲೆ ಮಧ್ಯದ ಒಂದು ಪುಟ ತೆರೆಯುತ್ತಿದ್ದರು. ಮುನ್ನುಡಿ ಓದಿದವರನ್ನು ನಾನು ಕಾಣಲಿಲ್ಲ. ದೊಡ್ಡವರ ಮುನ್ನುಡಿಗಾಗಿ ವರ್ಷಗಟ್ಟಲೆ ಕಾಯುವ ಬದಲು ಆರು ಸಾಲಿನ ಒಳ್ಳೆಯ ಬೆನ್ನುಡಿ ಬರೆಸಿ.

ಬಿಡುಗಡೆ ಸರಳವಾಗಿರಲಿ. ದಾವಣಗೆರೆ ವಿದ್ಯಾನಗರದ ಕುವೆಂಪು ಕನ್ನಡ ಭವನವೋ ನಿಮ್ಮೂರ ಶಾಲೆಯ ಕೊಠಡಿಯೋ ಸಾಕು. ಮಂಡಕ್ಕಿ, ಮಿರ್ಚಿ, ಚಹಾ ಇದ್ದರೆ ನಮ್ಮ ಕಡೆ ಅದೇ ಹಬ್ಬ. ಹಾರ, ಶಾಲಿನ ದುಡ್ಡನ್ನು ಮುದ್ರಣಕ್ಕೆ ಹಾಕಿ. ಬಿಡುಗಡೆಗೆ ವಾರ ಮೊದಲೇ ಜನತಾವಾಣಿಯಂಥ ಸ್ಥಳೀಯ ಪತ್ರಿಕೆಗಳಿಗೆ ಒಂದು ಪ್ರತಿ, ಒಂದು ಪುಟದ ಟಿಪ್ಪಣಿ ಕೊಟ್ಟು ಬನ್ನಿ.

ಆಮೇಲೆ ಕಾಲೇಜುಗಳು. ಜಗಳೂರಿನ ಒಂದು ಕಾಲೇಜಿನಲ್ಲಿ ನಾನು ಭಾಷಣ ಬಿಟ್ಟು ಹತ್ತು ನಿಮಿಷದ ಕಥೆ ಓದಿದೆ. ಹನ್ನೊಂದು ಪ್ರತಿ ಹೋದವು. ಇಬ್ಬರು ಹುಡುಗಿಯರು ದುಡ್ಡು ಕೂಡಿಸಿ ಒಂದೇ ಪ್ರತಿ ತಗೊಂಡರು. ಸಹಿ ಹಾಕುವಾಗ ‘ಇಬ್ಬರ ಹೆಸರೂ ಬರೀರಿ ಸರ್’ ಅಂದರು. ತಾಲ್ಲೂಕು ಸಾಹಿತ್ಯ ಸಮ್ಮೇಳನ, ಸಾಣೇಹಳ್ಳಿಯ ನಾಟಕೋತ್ಸವ, ಇಂಥ ಕಡೆ ಸೇರುವವರು ಓದುವವರೂ ಹೌದು. ಆಯೋಜಕರನ್ನು ಮೊದಲೇ ಕೇಳಿ ಒಂದು ಮೇಜಿಗೆ ಜಾಗ ಪಡೆಯಿರಿ. ಫೋನ್‌ಪೇ ಸ್ಕ್ಯಾನರ್ ಜೊತೆಗಿರಲಿ.

ವಾಟ್ಸ್ಆ್ಯಪ್ ಗುಂಪುಗಳಿಗೆ ಮುಖಪುಟದ ಚಿತ್ರವನ್ನೇ ದಿನಾ ಹಾಕಿದರೆ ಜನ ಬೇಸರಪಡುತ್ತಾರೆ. ವಾರಕ್ಕೊಮ್ಮೆ ಪುಸ್ತಕದ ಒಂದು ಪ್ಯಾರಾ ಹಾಕಿ. ಓದಿ ಇಷ್ಟಪಟ್ಟವರು ತಾವೇ ಕೇಳುತ್ತಾರೆ.

ಸರ್ಕಾರದ ಬಾಗಿಲುಗಳು

40 ವರ್ಷದೊಳಗಿನವರು ಮೊದಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೆ ಪ್ರಯತ್ನಿಸಿ. ಹಸ್ತಪ್ರತಿ ಇರುವಾಗಲೇ ಅರ್ಜಿ ಕರೆಯುವ ಪ್ರಕಟಣೆ ಗಮನಿಸುತ್ತಿರಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೂ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳಿಗೂ ಅರ್ಜಿ ಕರೆದಾಗ ಕಳಿಸಿ. ಇದಕ್ಕೆಂದೇ ಹದಿನೈದು ಪ್ರತಿ ಬೇರೆ ಎತ್ತಿಡಿ. ಆದರೆ ಆ ದುಡ್ಡು ಬಂದೇ ಬರುತ್ತದೆ ಎಂದು ಸಾಲ ಮಾಡಬೇಡಿ.

ನನ್ನ ಎರಡನೇ ಪುಸ್ತಕಕ್ಕೆ ನೋಟ್‌ಬುಕ್‌ನಲ್ಲಿ ನೂರಾ ನಲವತ್ತು ಹೆಸರು ಬರೆದೆ, ಇನ್ನೂರು ಪ್ರತಿ ಹಾಕಿಸಿದೆ. ಎಂಟು ತಿಂಗಳಲ್ಲಿ ಮುಗಿದವು. ಅದೇ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಓದುಗರು ಫೋನ್ ಮಾಡಿ ತೋರಿಸಿದ ಏಳು ತಪ್ಪುಗಳನ್ನು ಪುಟಸಂಖ್ಯೆ ಸಮೇತ ಬರೆದುಕೊಂಡಿದ್ದೆ. ಅವನ್ನು ತಿದ್ದಿಸಿ ಇನ್ನೂ ನೂರು ಪ್ರತಿಗೆ ಹೇಳಿ ಬಂದಿದ್ದೇನೆ.