ಎನ್‌ಕ್ಲೆಕ್ಸ್‌ನಲ್ಲಿ ಫೇಲಾಗಿ ಮತ್ತೆ ಬರೆದ ಕತೆ

ಎನ್‌ಕ್ಲೆಕ್ಸ್ ಅಂದರೆ ಅಮೆರಿಕದಲ್ಲಿ ನರ್ಸ್ ಕೆಲಸ ಮಾಡಲು ಪಾಸಾಗಬೇಕಾದ ಲೈಸೆನ್ಸ್ ಪರೀಕ್ಷೆ. ಕಂಪ್ಯೂಟರ್‌ನಲ್ಲಿ ಬರೆಯುವುದು, 85ರಿಂದ 150ರೊಳಗೆ ಎಷ್ಟನೇ ಪ್ರಶ್ನೆಗೆ ಬೇಕಾದರೂ ಅದು ನಿಲ್ಲಬಹುದು. ಮೊದಲ ಸಲ ಬರೆದಾಗ ನನಗೆ 150 ಪ್ರಶ್ನೆ ಬಂತು. ಪೂರ್ತಿ. ಐದು ಗಂಟೆಯ ಪರೀಕ್ಷೆಯಲ್ಲಿ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಕೊನೆಯ ಪ್ರಶ್ನೆ ಮುಗಿಯಿತು. ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿ "ಆಗಿದೆ ಅನ್ಸುತ್ತೆ ರೀ" ಅಂದೆ. ಆಗಿರಲಿಲ್ಲ.

ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಐಸಿಯು ಸಿಸ್ಟರ್ ನಾನು. ಅಲಾರಂ ಹೊಡೆದರೆ ಯಾವ ಬೆಡ್ಡಿನದು ಅಂತ ತಿರುಗಿ ನೋಡದೆ ಹೇಳುತ್ತೇನೆ. ಅದಕ್ಕೇ ಅವಮಾನ ಜಾಸ್ತಿ ಆಯಿತು. ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದ ಹುಡುಗಿಯರು ಪಾಸಾಗುತ್ತಾರೆ, ನಾನು ಫೇಲು. ಡ್ಯೂಟಿಯಲ್ಲಿ ಒಬ್ಬರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅವರು ಕೊಟ್ಟಾಯಂ ಕಡೆಯವರು, ನಾವೆಲ್ಲ ಚೇಚಿ ಅಂತೀವಿ, ಅವರೂ ಎರಡನೇ ಸಲಕ್ಕೆ ಪಾಸಾದವರೇ. "ರಿಪೋರ್ಟ್ ತೆಗೆದು ಓದು ಮೊದಲು, ಆಮೇಲೆ ಅಳು" ಅಂದರು.

ಫೇಲಾದವರಿಗೆ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ಅಂತ ಒಂದು ಬರುತ್ತದೆ. ಅದರಲ್ಲಿ ಮಾರ್ಕ್ಸ್ ಇರುವುದಿಲ್ಲ. ಒಂದೊಂದು ವಿಭಾಗದಲ್ಲೂ ನೀವು ಪಾಸಿನ ಮಟ್ಟಕ್ಕಿಂತ ಮೇಲಿದ್ದೀರಾ, ಹತ್ತಿರ ಇದ್ದೀರಾ, ಕೆಳಗಿದ್ದೀರಾ ಅಂತ ಮಾತ್ರ ಹೇಳುತ್ತದೆ. ಫಿಸಿಯಾಲಾಜಿಕಲ್ ಅಡಾಪ್ಟೇಶನ್‌ನಲ್ಲಿ, ಅಂದರೆ ಕಾಯಿಲೆಯ ವಿಷಯದಲ್ಲಿ, ನಾನು ಮೇಲಿದ್ದೆ. ಮ್ಯಾನೇಜ್‌ಮೆಂಟ್ ಆಫ್ ಕೇರ್‌ನಲ್ಲಿ, ಅಂದರೆ ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಕೊಡಬೇಕು ಅನ್ನುವುದರಲ್ಲಿ, ಕೆಳಗೆ. ಪ್ರಶ್ನೆಗಳಲ್ಲಿ ದೊಡ್ಡ ಪಾಲು ಅದರದ್ದೇ, 2023ರ ಟೆಸ್ಟ್ ಪ್ಲಾನ್ ಪ್ರಕಾರ ನೂರಕ್ಕೆ 15ರಿಂದ 21. ನಾನು ಅದನ್ನು ಓದಿಯೇ ಇರಲಿಲ್ಲ. ಇದರಲ್ಲಿ ಓದೋದೇನಿದೆ, ದಿನಾ ಮಾಡ್ತೀವಲ್ಲ ಅಂದುಕೊಂಡಿದ್ದೆ.

ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಷ್ಟೇ ಸಲ, ಇಷ್ಟು ವರ್ಷದೊಳಗೆ ಅಂತ ಮಿತಿಯೂ ಇದೆ. ನಾನು ಅರ್ಜಿ ಹಾಕಿದ್ದು ನ್ಯೂಯಾರ್ಕ್‌ಗೆ, ಅಲ್ಲಿ ಆ ತಲೆನೋವಿಲ್ಲ. ದುಡ್ಡಿನ ತಲೆನೋವು ಇದ್ದೇ ಇದೆ: ಫೀಸು 200 ಡಾಲರ್, ಅಮೆರಿಕದ ಹೊರಗೆ ಕೂತು ಬರೆಯುವುದಕ್ಕೆ ಇನ್ನೂ 150, ಮೇಲೆ ಟ್ಯಾಕ್ಸು. 30,000 ರೂಪಾಯಿ ಹತ್ತಿರ ಹೋಯಿತು. 45 ದಿನ ಆದ ತಕ್ಷಣ ಬರೆದುಬಿಡೋಣ ಅಂತ ಕೈ ತುರಿಸುತ್ತಿತ್ತು, ಚೇಚಿ ಬೈದು ನಿಲ್ಲಿಸಿದರು. ಐದು ತಿಂಗಳು ತಗೊಂಡೆ.

ಮೊದಲ ಸಲ ನಾನು ಸುಮಾರು 3,000 ಪ್ರಾಕ್ಟೀಸ್ ಪ್ರಶ್ನೆ ಮಾಡಿದ್ದೆ. ಮಾಡಿದ್ದು ಅಂದರೆ, ಉತ್ತರ ಒತ್ತುವುದು, ಪರ್ಸೆಂಟೇಜ್ ನೋಡುವುದು, ಮುಂದಕ್ಕೆ ಹೋಗುವುದು. ಈ ಸಲ ದಿನಕ್ಕೆ 40 ಮಾತ್ರ. ತಪ್ಪಿದ ಒಂದೊಂದಕ್ಕೂ 200 ಪುಟದ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಕನ್ನಡದಲ್ಲೇ. ಏನು ತಪ್ಪಾಯಿತು ಅಂತಲ್ಲ, ಯಾಕೆ ತಪ್ಪಾಯಿತು ಅಂತ. ಪಕ್ಕದಲ್ಲಿ ಒಂದು ಅಕ್ಷರ: ಗೊತ್ತೇ ಇರಲಿಲ್ಲ ಅಂದರೆ 'ಗೊ', ಸರಿಯಾಗಿ ಓದಲಿಲ್ಲ ಅಂದರೆ 'ಓ', ಸರಿ ಉತ್ತರ ಹಾಕಿ ಆಮೇಲೆ ಬದಲಾಯಿಸಿದ್ದಕ್ಕೆ 'ಬ'. ನಾಲ್ಕನೆಯದು 'ವಾ', ಅಂದರೆ ವಾರ್ಡು. ನಮ್ಮ ವಾರ್ಡಿನಲ್ಲಿ ಮಾಡುವ ಹಾಗೆ ಉತ್ತರ ಕೊಟ್ಟಿದ್ದು. ಎರಡು ವಾರ ಆದ ಮೇಲೆ ಎಣಿಸಿದೆ. 118 ತಪ್ಪಿನಲ್ಲಿ 'ಗೊ' ಇದ್ದದ್ದು 31. 'ವಾ' 52!

ಒಂದು ಪ್ರಶ್ನೆ ಹೇಳುತ್ತೇನೆ ನೋಡಿ, ನನ್ನ ಮಾತಿನಲ್ಲಿ. ನಾಲ್ಕು ಜನ ಪೇಷೆಂಟ್ ಇದ್ದಾರೆ, ಯಾರನ್ನು ಮೊದಲು ನೋಡುತ್ತೀರಿ? ಸಿಒಪಿಡಿ, ಅಂದರೆ ವರ್ಷಗಟ್ಟಲೆ ಇರುವ ಶ್ವಾಸಕೋಶದ ಕಾಯಿಲೆ, ಇರುವವರು, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 90. ಅಪೆಂಡಿಕ್ಸ್ ಆಪರೇಷನ್ ಆಗಿ ಒಂದು ದಿನ, ನೋವು ಹತ್ತಕ್ಕೆ ಏಳು. ಹಾರ್ಟ್ ಫೇಲ್ಯೂರ್, ಕಾಲು ಊದಿದೆ. ನಿನ್ನೆ ಥೈರಾಯ್ಡ್ ತೆಗೆದವರು, ತುಟಿ ಸುತ್ತ ಜುಮುಜುಮು ಅನ್ನುತ್ತಿದೆ. ನಾನು 90ರ ಕಡೆ ಓಡಿದೆ. ಐಸಿಯು ಕಾಲು ಅದು, ನಂಬರ್ ಇಳಿದ ಕಡೆ ತಾನಾಗಿ ಹೋಗುತ್ತದೆ. ಆದರೆ ಸಿಒಪಿಡಿಯವರಿಗೆ 90 ಹೊಸದಲ್ಲ, ಅವರಿಗೆ ಅದು ಮಾಮೂಲಿ. ಥೈರಾಯ್ಡ್ ತೆಗೆಯುವಾಗ ಪಕ್ಕದ ಪ್ಯಾರಾಥೈರಾಯ್ಡ್‌ಗೆ ಪೆಟ್ಟು ಬಿದ್ದರೆ ಕ್ಯಾಲ್ಸಿಯಂ ಇಳಿಯುತ್ತದೆ, ಮೊದಲು ಕಾಣುವುದು ಈ ಜುಮುಜುಮು, ಬಿಟ್ಟರೆ ಗಂಟಲು ಬಿಗಿದು ಉಸಿರಿಗೇ ತೊಂದರೆ. ಇದೆಲ್ಲ ನನಗೆ ಗೊತ್ತಿತ್ತು! ಗೊತ್ತಿದ್ದೂ ತಪ್ಪಿದೆ.

ಇನ್ನು ಕೆಲಸ ಹಂಚುವ ಪ್ರಶ್ನೆಗಳು. ಅಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಅವರ ಕೆಳಗೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್), ಅದರ ಕೆಳಗೆ ನರ್ಸಿಂಗ್ ಅಸಿಸ್ಟೆಂಟ್ ಅಂತ ಮೂರು ಮೆಟ್ಟಿಲು. ನಮ್ಮಲ್ಲಿ ಎಲ್ಲಿದೆ ಇದು? ಪೇಷೆಂಟಿಗೆ ಊಟ ಮಾಡಿಸುವುದು ಊರಿಂದ ಬಂದ ಅತ್ತಿಗೆ, ಮಗ್ಗುಲು ಬದಲಿಸುವುದಕ್ಕೆ ಆಯಾ, ಉಳಿದದ್ದೆಲ್ಲ ನಮ್ಮ ತಲೆಗೆ. ಪರೀಕ್ಷೆಗೆ ಹಿಡಿದುಕೊಳ್ಳಬೇಕಾದ್ದು ಇಷ್ಟು: ಮೊದಲ ಅಸೆಸ್‌ಮೆಂಟ್, ಮೊದಲ ಸಲ ಹೇಳಿಕೊಡುವುದು, ಗುಣ ಆಗುತ್ತಿದೆಯಾ ಅಂತ ತೀರ್ಮಾನಿಸುವುದು, ಇವನ್ನು ಆರ್‌ಎನ್ ಬೇರೆಯವರಿಗೆ ಕೊಡುವ ಹಾಗಿಲ್ಲ. ಸ್ಥಿರವಾಗಿರುವ ಪೇಷೆಂಟಿನ ಬಿಪಿ, ಸ್ನಾನ, ಊಟ ಅಸಿಸ್ಟೆಂಟ್‌ಗೆ ಕೊಡಬಹುದು, ಆದರೆ ಸ್ಟ್ರೋಕ್ ಆಗಿ ನುಂಗಲು ಕಷ್ಟ ಇರುವವರ ಊಟ ಕೊಡಬಾರದು. ಹಾಗೇ "ಡಾಕ್ಟರಿಗೆ ಫೋನ್ ಮಾಡುವುದು" ಅನ್ನುವ ಆಯ್ಕೆ. ನನ್ನ ಕೈ ಸೀದಾ ಅಲ್ಲಿಗೇ ಹೋಗುತ್ತಿತ್ತು. ಅದು ಯಾವಾಗಲೂ ತಪ್ಪು ಅಂತಲ್ಲ, ಆದರೆ ಫೋನಿಗಿಂತ ಮುಂಚೆ ನಾನೇ ಮಾಡಬಹುದಾದ್ದು ಏನಾದರೂ ಇದೆಯಾ, ತಲೆ ಎತ್ತಿ ಕೂರಿಸುವುದು, ರಕ್ತ ಏರಿಸುತ್ತಿದ್ದರೆ ನಿಲ್ಲಿಸುವುದು, ಆಕ್ಸಿಜನ್ ಹಾಕುವುದು, ಅಂತ ಒಂದು ಸಲ ಕೇಳಿಕೊಳ್ಳುವ ಅಭ್ಯಾಸ ಆಗಲು ತಿಂಗಳೇ ಬೇಕಾಯಿತು.

ಔಷಧಿ ಹೆಸರು ಸಣ್ಣ ವಿಷಯ, ಆದರೂ ಕಾಲಿಗೆ ತೊಡರುತ್ತದೆ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಬುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ನಮ್ಮತ್ತೆ ಹಾಲು ತೆಗೆಯಲು ಹೋದಾಗೆಲ್ಲ ಓದಿ ಓದಿ, ಕೊನೆಗೆ ನೆಗಡಿ ಬಂದಾಗ "ಆ ಅಸಿಟಮಿನೊಫೆನ್ ಕೊಡಮ್ಮ" ಅಂದರು.

ಇನ್ನೊಂದು, ಸರಿ ಇರುವ ಎಲ್ಲವನ್ನೂ ಆರಿಸಿ ಅನ್ನುವ ಪ್ರಶ್ನೆಗಳು. 2023ರ ಏಪ್ರಿಲ್‌ನಲ್ಲಿ ಹೊಸ ಮಾದರಿ ಬಂದ ಮೇಲೆ ಇವಕ್ಕೆ ಭಾಗಶಃ ಅಂಕ ಇದೆ. ಸರಿ ಟಿಕ್‌ಗೆ ಒಂದು ಸೇರುತ್ತದೆ, ತಪ್ಪು ಟಿಕ್‌ಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂದಮೇಲೆ "ಇರಲಿ, ಇದೂ ಒಂದು" ಅಂತ ಸುಮ್ನೆ ಒತ್ತಬಾರದು. ಮೊದಲ ಸಲ ನಾನು ಧಾರಾಳವಾಗಿ ಒತ್ತಿದ್ದೆ.

ಓದುವ ಹೊತ್ತು? ನೈಟ್ ಡ್ಯೂಟಿ ಮುಗಿಸಿ ಬಂದು ಓದಲು ಹೋಗಬೇಡಿ, ತಲೆಗೆ ಏನೂ ಹತ್ತುವುದಿಲ್ಲ. ಮಲಗಿ ಎದ್ದು ಸಂಜೆ ನಾಲ್ಕರಿಂದ ಆರು, ನನಗೆ ಅದೇ ಸಿಕ್ಕಿದ್ದು. ರಜೆ ದಿನ ಮಾತ್ರ 85 ಪ್ರಶ್ನೆ ಒಟ್ಟಿಗೆ, ಮಧ್ಯೆ ಏಳದೆ.

ಎರಡನೇ ಸಲ ಪರೀಕ್ಷೆ ನಡೆಸುವ ಬೆಂಗಳೂರಿನ ಪಿಯರ್ಸನ್ ವ್ಯೂ ಸೆಂಟರ್‌ಗೆ ಹೋದಾಗ ಪಾಸ್‌ಪೋರ್ಟನ್ನು ಮೂರು ಸಲ ಮುಟ್ಟಿ ನೋಡಿಕೊಂಡಿದ್ದೆ. ಪಾಸ್‌ಪೋರ್ಟ್‌ನಲ್ಲಿರುವ ಹೆಸರೂ ರಿಜಿಸ್ಟರ್ ಮಾಡಿದ ಹೆಸರೂ ಒಂದೇ ಇರಬೇಕು, ನಮ್ಮ ಇನಿಶಿಯಲ್ ಹೆಸರಿನವರು ಇದನ್ನು ಮೊದಲೇ ನೋಡಿಕೊಳ್ಳಿ. ಅಂಗೈ ಸ್ಕ್ಯಾನ್ ಮಾಡಿದರು, ಜೇಬು ತಿರುಗಿಸಿ ತೋರಿಸಲು ಹೇಳಿದರು, ಒಳಗೆ ಬಿಟ್ಟರು. ಪ್ರಶ್ನೆ ಕಷ್ಟ ಕಷ್ಟ ಆಗುತ್ತಾ ಹೋದರೆ ಹೆದರಬೇಡಿ, ಸರಿ ಉತ್ತರ ಕೊಟ್ಟ ಹಾಗೆಲ್ಲ ಕಂಪ್ಯೂಟರ್ ಕಷ್ಟದ್ದನ್ನೇ ಕೊಡುತ್ತದೆ. 85 ಆಯಿತು, ನಿಲ್ಲಲಿಲ್ಲ. ಮೊದಲ ಸಲ ಇಲ್ಲೇ ಎದೆ ಕುಸಿದಿತ್ತು. ಈಗ ಗೊತ್ತು, 85ಕ್ಕೆ ನಿಂತು ಫೇಲಾದವರೂ ಇದ್ದಾರೆ, 150ಕ್ಕೆ ಹೋಗಿ ಪಾಸಾದವರೂ ಇದ್ದಾರೆ. 97ಕ್ಕೆ ನಿಂತಿತು.

ಈ ಸಲ ಫೋನಿನಲ್ಲಿ "ಗೊತ್ತಿಲ್ಲ ರೀ, ಹಸಿವು" ಅಂದೆ. ಹೋಗಿ ಮಸಾಲೆ ದೋಸೆ ತಿಂದೆ. ಕೆಲವು ದಿನ ಆದ ಮೇಲೆ ನ್ಯೂಯಾರ್ಕ್‌ನ ಲೈಸೆನ್ಸ್ ಹುಡುಕುವ ಪುಟದಲ್ಲಿ ನನ್ನ ಹೆಸರು ಬಂತು.

ಅದಕ್ಕೆ ನಾಳೆಯೇ ವಿಮಾನ ಹತ್ತುವುದೇನಿಲ್ಲ. ವೀಸಾಸ್ಕ್ರೀನ್, ಅಂದರೆ ವೀಸಾಕ್ಕೆ ಬೇಕಾದ ಸರ್ಟಿಫಿಕೇಟ್ ಪರಿಶೀಲನೆ, ಆಗಬೇಕು, ಇಂಗ್ಲಿಷ್ ಪರೀಕ್ಷೆ ಇದೆ, ಕೆಲಸದ ಮೇಲೆ ಅಲ್ಲೇ ನೆಲೆಸಲು ಕೊಡುವ ಇಬಿ-3 ವೀಸಾದ ಸಾಲಂತೂ ಉದ್ದಕ್ಕಿದೆ. ಈ ವಾರವೂ ನನಗೆ ನೈಟೇ. ನೋಟ್‌ಬುಕ್ಕು ಈಗ ನಮ್ಮ ಜೂನಿಯರ್ ಹುಡುಗಿಯ ಹತ್ತಿರ ಇದೆ, ಅವಳದೂ ಮೊದಲ ಸಲ ಹೋಯಿತು. ನಾನು ಬರೆದ ಹಾಳೆಗಳನ್ನೆಲ್ಲ ಹರಿದಿಟ್ಟುಕೊಂಡು, ಉಳಿದ ಖಾಲಿ ಹಾಳೆ ಮಾತ್ರ ಕೊಟ್ಟೆ. ಮೊದಲು ಮುಖ ಊದಿಸಿಕೊಂಡಳು. ಮೊನ್ನೆ ಹ್ಯಾಂಡೋವರ್ ಮುಗಿದ ಮೇಲೆ ಬಂದು "ಅಕ್ಕಾ, ನಂದು 'ಬ' ಜಾಸ್ತಿ" ಅಂದಳು.